ಸವೆಯಲೆಂದೇ ಹಚ್ಚುವ ಬಣ್ಣ

ಮನೆಗೆ ಬಣ್ಣ ಹೊಡೆಸುವವರೆಲ್ಲ ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದೆ: ಎಷ್ಟು ವರ್ಷ ಬಾಳಿಕೆ ಬರುತ್ತದೆ? ಮೇ ತಿಂಗಳ ಬೆಳಿಗ್ಗೆ. ಟಿಳಕವಾಡಿಯ ನಮ್ಮ ಮನೆಯ ಹಿಂಗೋಡೆಗೆ ಕಟ್ಟಿದ್ದ ಹಾವಸೆಯನ್ನು ಕೆರೆಯುತ್ತಿದ್ದ ಪೇಂಟರ್ ಕೈ ನಿಲ್ಲಿಸದೆಯೇ ನಕ್ಕ. ಖಾನಾಪುರ ತಾಲ್ಲೂಕಿನ ಜಾಂಬೋಟಿ ಕಡೆಯವನು. ವರ್ಷದ ಹತ್ತು ತಿಂಗಳು ಬೆಳಗಾವಿಯಲ್ಲಿ ಮನೆಗಳ ಕೆಲಸ, ಮಳೆಗಾಲದ ಎರಡು ತಿಂಗಳು ಗೋವೆಯಲ್ಲಿ ದೋಣಿಗಳ ಕೆಲಸ.

"ಕಂಪನಿಯವ್ರು ಏಳ ವರ್ಸ ಅಂತಾರ್ರಿ ಸರ, ನಮ್ಮ ಮಳಿಗೆ ನೀವು ಐದು ಹಿಡೀರಿ. ಆದ್ರ ಗೋವಾದಾಗ ದೋಣಿ ಬುಡಕ್ಕ ಹಚ್ಚತೀವಲ್ರಿ, ಆ ಬಣ್ಣಾ ಹಂಗ ಉಳೀತಂದ್ರ ಮಾಲಕ ನಮಗ ಬೈತಾನು. ಅದು ಸವೀಬೇಕ್ರಿ."

ಬಣ್ಣ ಸವೆಯಬೇಕು ಎನ್ನುವ ಪೇಂಟರನನ್ನು ನಾನು ಕಂಡದ್ದು ಅದೇ ಮೊದಲು. ಕೆಲಸ ಮುಗಿಯುವ ಹೊತ್ತಿಗೆ ಅವನಿಗಿಂತ ಹೆಚ್ಚಾಗಿ ನನಗೇ ಆ ಬಣ್ಣದ ಹುಚ್ಚು ಹಿಡಿದಿತ್ತು. ಅದರ ಹೆಸರು ಆಂಟಿಫೌಲಿಂಗ್ ಪೇಂಟ್. ದೋಣಿಯ ನೀರೊಳಗಿನ ಭಾಗಕ್ಕೆ ಚಿಪ್ಪು, ಪಾಚಿ ಅಂಟದಂತೆ ಹಚ್ಚುವ ಬಣ್ಣ.

ಕಡಲಿಲ್ಲದ ಬೆಳಗಾವಿಯಲ್ಲಿ ಕೂತು ದೋಣಿಯ ಬುಡದ ಮಾತು ಏಕೆ ಎಂದು ಕೇಳಬಹುದು. ಆದರೆ ಖಾನಾಪುರ ತಾಲ್ಲೂಕಿನ ನೆತ್ತಿಯಲ್ಲಿ ನೀರು ಎರಡು ಕಡೆ ಹರಿಯುತ್ತದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ತಿರುಗಿ, ಖಾನಾಪುರ ಪಟ್ಟಣವನ್ನು ಹಾದು, ಸವದತ್ತಿಯ ನವಿಲುತೀರ್ಥದಲ್ಲಿ ಕಟ್ಟೆಗೆ ಸಿಕ್ಕಿ, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಅದೇ ಕಾಡಿನ ದೇಗಾಂವಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಘಟ್ಟ ಇಳಿದು, ಗೋವೆಯಲ್ಲಿ ಮಾಂಡವಿ ಎನಿಸಿಕೊಂಡು, ಪಣಜಿಯ ಬಳಿ ಕಡಲು ಮುಟ್ಟುತ್ತದೆ. ಮಹದಾಯಿ ಎಂದರೆ ನಮಗೆ ಈಗ ಟಿಎಂಸಿ ಲೆಕ್ಕ ಮಾತ್ರ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟ 13.42 ಟಿಎಂಸಿಯ ಅಂಕಿ ಇಲ್ಲಿಯ ಶಾಲೆಯ ಹುಡುಗರಿಗೂ ಬಾಯಿಪಾಠ. ಆ ನದಿಯ ಕೆಳಕೊನೆಯಲ್ಲಿ ದೋಣಿಗಳಿವೆ, ಬಾರ್ಜುಗಳಿವೆ, ದಡದಿಂದ ದಡಕ್ಕೆ ಓಡಾಡುವ ಫೆರಿಗಳಿವೆ ಎಂಬುದು ಚೋರ್ಲಾ ಘಾಟ್ ಇಳಿದು ಗೋವೆಗೆ ಮೋಜಿಗೆ ಹೋದಾಗಷ್ಟೇ ನೆನಪಾಗುತ್ತದೆ.

ದೇಗಾಂವಿನ ತೊರೆಯಲ್ಲಿ ಒಂದು ದೋಣಿ ಬಿಟ್ಟರೆ, ಬಿಡಲು ನೀರು ಸಾಲದು ಎನ್ನಿ, ಅದರ ಬುಡಕ್ಕೆ ಹೆಚ್ಚೆಂದರೆ ತೆಳು ಪಾಚಿ ಕಟ್ಟೀತು. ಸಿಹಿನೀರಿನ ನಮ್ಮ ಹರಿಗೋಲಿಗೆ ಬುಡದ ಚಿಂತೆ ಒಂದೇ: ನೀರು ಒಸರಬಾರದು. ಹಂಪಿ, ಆನೆಗೊಂದಿ ಕಡೆ ಬಿದಿರಿನ ಹೆಣಿಗೆಯ ಮೇಲೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಅಲ್ಲಿಗೆ ಮುಗಿಯಿತು. ಅದೇ ದೋಣಿ ಉಪ್ಪುನೀರಿಗೆ ಇಳಿದರೆ ಕತೆ ಬೇರೆ.

ಇಳಿದ ಕೆಲವೇ ನಿಮಿಷಗಳಲ್ಲಿ ನೀರಿನಲ್ಲಿ ಕರಗಿರುವ ಸಾವಯವ ಅಂಶಗಳು ಬುಡಕ್ಕೆ ಕಣ್ಣಿಗೆ ಕಾಣದ ಪದರವಾಗಿ ಅಂಟುತ್ತವೆ. ಅದರ ಮೇಲೆ ಬ್ಯಾಕ್ಟೀರಿಯಾ, ಆಮೇಲೆ ಏಕಕೋಶದ ಪಾಚಿ. ಮುಟ್ಟಿದರೆ ಲೋಳೆಲೋಳೆ. ಕೆಲವು ದಿನ, ವಾರಗಳಲ್ಲಿ ದೊಡ್ಡ ಅತಿಥಿಗಳು ಬರುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಬಾರ್ನಕಲ್. ನೋಡಲು ಚಿಕ್ಕ ಚಿಪ್ಪಿನಂತಿದ್ದರೂ ಅದು ಸಿಗಡಿ, ಏಡಿಗಳ ಬಳಗದ್ದು. ಮರಿಯಾಗಿದ್ದಾಗ ನೀರಿನಲ್ಲಿ ಈಜಾಡುತ್ತದೆ. ಕೊನೆಯ ಹಂತದ ಮರಿ ಉಣ್ಣುವುದನ್ನೇ ಬಿಟ್ಟು ಬಾಡಿಗೆ ಮನೆ ಹುಡುಕುವವರಂತೆ ಅಲೆಯತೊಡಗುತ್ತದೆ. ಎರಡು ಮೀಸೆಗಳ ತುದಿಯಿಂದ ಬುಡವನ್ನು ತಡವುತ್ತಾ, ಹೆಜ್ಜೆ ಇಡುವಂತೆ ನಡೆದು, ಜಾಗ ಒಪ್ಪಿದರೆ ತಲೆಯಿಂದಲೇ ಒಂದು ತೊಟ್ಟು ಅಂಟು ಬಿಟ್ಟು ಕೂತುಬಿಡುತ್ತದೆ. ಅಲ್ಲಿಂದ ಸಾಯುವವರೆಗೆ ತಲೆ ಕೆಳಗೆ, ಕಾಲು ಮೇಲೆ. ಸುತ್ತ ಸುಣ್ಣದ ಕೋಟೆ ಕಟ್ಟಿಕೊಂಡು ಕಾಲಿನಿಂದಲೇ ಆಹಾರ ಬಾಚಿಕೊಳ್ಳುತ್ತದೆ. ಚಾರ್ಲ್ಸ್ ಡಾರ್ವಿನ್ ತನ್ನ ವಿಕಾಸವಾದದ ಪುಸ್ತಕಕ್ಕೆ ಮೊದಲು 1846ರಿಂದ 1854ರವರೆಗೆ, ಎಂಟು ವರ್ಷ, ಕೂತು ಓದಿದ್ದು ಈ ಜೀವಿಯನ್ನೇ. ನಮ್ಮ ಪೇಂಟರ್ ಅದನ್ನು ಓದಿದ್ದು ಉಗುರಿನಲ್ಲಿ. ಎಡಗೈ ಹೆಬ್ಬೆರಳ ಮೇಲಿನ ಅರ್ಧಚಂದ್ರದ ಗಾಯ ತೋರಿಸಿದ: "ಬ್ಲೇಡ್ ಇದ್ದಂಗ ಇರ್ತಾವ್ರಿ."

ಅಂಟಿದರೆ ಅಂಟಲಿ ಬಿಡಿ ಎನ್ನುವಂತಿಲ್ಲ. ನುಣುಪಾದ ಬುಡ ನೀರನ್ನು ಸೀಳಿಕೊಂಡು ಹೋಗುತ್ತದೆ, ತರಿತರಿಯಾದ ಬುಡ ನೀರನ್ನು ಎಳೆದುಕೊಂಡು ಹೋಗುತ್ತದೆ. ಅಮೆರಿಕದ ನೌಕಾಪಡೆಯ ಒಂದು ಬಗೆಯ ಯುದ್ಧನೌಕೆಯನ್ನು ಮುಂದಿಟ್ಟುಕೊಂಡು 2007ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಬುಡಕ್ಕೆ ಚಿಪ್ಪು ದಟ್ಟವಾಗಿ ಕಟ್ಟಿದರೆ ಅದೇ ವೇಗದಲ್ಲಿ ಸಾಗಲು ಶೇ 86ರಷ್ಟು ಹೆಚ್ಚು ಶಕ್ತಿ ಬೇಕಾಗಬಹುದು. ಮೀನುಗಾರನ ಭಾಷೆಯಲ್ಲಿ ಅದು ಡೀಸೆಲ್. ನಿಂತ ಹಡಗಿಗಂತೂ ಈ ಕಾಟ ಇನ್ನೂ ಹೆಚ್ಚು, ಏಕೆಂದರೆ ಹರಿವಿನ ರಭಸವಿಲ್ಲದ ಕಡೆ ಮರಿಗಳಿಗೆ ಕೂರುವುದು ಸಲೀಸು. ಪಣಜಿಯಲ್ಲಿ ಲಂಗರು ಹಾಕಿ ನಿಂತೇ ಇರುವ ಕ್ಯಾಸಿನೋ ಹಡಗುಗಳ ಮೇಲ್ಭಾಗದಲ್ಲಿ ಏನೇನು ನಡೆಯುತ್ತದೆ ಎಂದು ಬೆಳಗಾವಿಯ ಹಲವರಿಗೆ ಚೆನ್ನಾಗಿ ಗೊತ್ತು. ಕೆಳಭಾಗದ ಸಂಸಾರದ ಬಗ್ಗೆ ಯಾರೂ ಕೇಳಿದ್ದಿಲ್ಲ.

ಮರದ ದೋಣಿಗಳ ಕಾಲದಲ್ಲಿ ಇನ್ನೊಬ್ಬ ಶತ್ರುವೂ ಇದ್ದ: ಮರ ಕೊರೆಯುವ ಹಡಗುಹುಳ. ಹುಳ ಎನ್ನುತ್ತೇವಾದರೂ ಅದು ಕಪ್ಪೆಚಿಪ್ಪಿನ ಜಾತಿ. ಹೊರಗಿನಿಂದ ಸೂಜಿ ಚುಚ್ಚಿದಷ್ಟು ತೂತು, ಒಳಗೆ ಹಲಗೆಯೆಲ್ಲ ಪೊಳ್ಳು. ಇದಕ್ಕೆ ಕೊಂಕಣ ಕರಾವಳಿಯವರು ಮೀನೆಣ್ಣೆ ಬಳಿದರು, ಗೇರುಸಿಪ್ಪೆಯ ಎಣ್ಣೆ ಬಳಿದರು. ಗೇರುಬೀಜ ಸುಲಿದವರ ಕೈ ನೋಡಿದವರಿಗೆ ಆ ಎಣ್ಣೆಯ ಖಾರ ವಿವರಿಸಬೇಕಿಲ್ಲ. ಚರ್ಮ ಸುಡುವ ಎಣ್ಣೆ ಹುಳವನ್ನೂ ದೂರ ಇಡುತ್ತದೆ ಎಂಬ ತರ್ಕ ಸರಿಯಾದದ್ದೇ. ಯುರೋಪಿನವರು ದುಬಾರಿ ದಾರಿ ಹಿಡಿದರು. 18ನೆಯ ಶತಮಾನದಲ್ಲಿ ಬ್ರಿಟಿಷ್ ನೌಕಾಪಡೆ 'ಅಲಾರ್ಮ್' ಎಂಬ ಹಡಗಿನ ಬುಡಕ್ಕೆ ಪೂರ್ತಿ ತಾಮ್ರದ ತಗಡು ಹೊಡೆಸಿತು. ಹುಳವೂ ಬರಲಿಲ್ಲ, ಚಿಪ್ಪೂ ಕಟ್ಟಲಿಲ್ಲ. ಆದರೆ ತಗಡು ಹಿಡಿದಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ತಾಮ್ರ, ಕಬ್ಬಿಣ ಎರಡೂ ಉಪ್ಪುನೀರಿನಲ್ಲಿ ಒಂದನ್ನೊಂದು ಮುಟ್ಟಿದರೆ ಬ್ಯಾಟರಿಯಂತಾಗಿ ಕಬ್ಬಿಣ ಕರಗುತ್ತದೆ.

ಈ ಬಣ್ಣದ ಗುಟ್ಟು ನನಗೆ ಬಿಡಿಸಿದ್ದು ಮುಂದಿನ ಕತೆ. ತಾಮ್ರವೂ ನಿಧಾನವಾಗಿ ಸವೆಯುತ್ತಿತ್ತು. ನೌಕಾಪಡೆಗೆ ಖರ್ಚು. ಗಣಿಕಾರ್ಮಿಕರ ಸುರಕ್ಷಾ ದೀಪದಿಂದ ಹೆಸರಾಗಿದ್ದ ಹಂಫ್ರಿ ಡೇವಿ 1824ರಲ್ಲಿ ಉಪಾಯ ಹೇಳಿದ: ತಗಡಿಗೆ ಅಲ್ಲಲ್ಲಿ ಕಬ್ಬಿಣದ ಗಟ್ಟಿ ತಾಗಿಸಿ, ಅದು ತಾನು ಕರಗಿ ತಾಮ್ರವನ್ನು ಕಾಯುತ್ತದೆ. ಪ್ರಯೋಗಕ್ಕೆ ಸಿಕ್ಕ ಹಡಗುಗಳಲ್ಲಿ ಒಂದು 'ಸಮರಾಂಗ್', ನಮ್ಮ ಕೊಚ್ಚಿಯಲ್ಲಿ ಸಾಗುವಾನಿಯಲ್ಲಿ ಕಟ್ಟಿದ ಹಡಗು. ರಸಾಯನಶಾಸ್ತ್ರ ಗೆದ್ದಿತು, ತಾಮ್ರ ಸವೆಯುವುದು ನಿಂತಿತು. ಆದರೆ ಹೀಗೆ ಕಾಪಾಡಿದ ಹಡಗುಗಳ ಬುಡದ ತುಂಬ ಪಾಚಿ, ಚಿಪ್ಪು ಬೆಳೆದು ಕೂತವು. ಸವೆಯುತ್ತಾ ನೀರಿಗೆ ಬಿಡುತ್ತಿದ್ದ ವಿಷವೇ ಅಲ್ಲಿಯವರೆಗೆ ಹಡಗನ್ನು ಕಾಯುತ್ತಿತ್ತು. ತಾಮ್ರವನ್ನು ಉಳಿಸಿದ ಡೇವಿ ಹಡಗಿನ ವೇಗವನ್ನು ಕಳೆದಿದ್ದ. ನೌಕಾಪಡೆ ಆ ಕಬ್ಬಿಣದ ಗಟ್ಟಿಗಳನ್ನು ಕಿತ್ತು ಹಾಕಿಸಿತು.

ಜಾಂಬೋಟಿಯ ಪೇಂಟರ್ ಒಂದೇ ಮಾತಿನಲ್ಲಿ ಹೇಳಿದ್ದೂ ಇದನ್ನೇ.

ಇಂದಿನ ಬಣ್ಣಗಳಲ್ಲಿ ಹೆಚ್ಚಿನವುಗಳ ಜೀವಾಳ ತಾಮ್ರದ ಕೆಂಪು ಆಕ್ಸೈಡ್. ದೋಣಿಗಳ ನೀರಗೆರೆಯ ಕೆಳಗೆ ಕಾಣುವ ಇಟ್ಟಿಗೆಗೆಂಪು ಬಹುಮಟ್ಟಿಗೆ ಅದರದ್ದೇ. ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಸಿಂಪಡಿಸುವುದಕ್ಕೂ ಇದಕ್ಕೂ ಒಂದೇ ನಂಬಿಕೆ: ತಾಮ್ರ ಸಣ್ಣ ಜೀವಕ್ಕೆ ಒಗ್ಗದು. ಈ ಆಕ್ಸೈಡು ಬರೀ ನೀರಿನಲ್ಲಿ ಕರಗುವುದು ಅಷ್ಟಕ್ಕಷ್ಟೇ. ಸಮುದ್ರದ ನೀರಿನ ಉಪ್ಪಿನಲ್ಲಿರುವ ಕ್ಲೋರೈಡು ಅದನ್ನು ಹಿಡಿದು ಬಿಡಿಸಿಕೊಂಡು ಹೋಗುತ್ತದೆ. ಬಾರ್ನಕಲ್ಲನ್ನು ಸಾಕುವ ಉಪ್ಪೇ ಅದನ್ನು ಓಡಿಸುವ ತಾಮ್ರವನ್ನೂ ಕರಗಿಸಿಕೊಡುತ್ತದೆ. ನವಿಲುತೀರ್ಥದ ಹಿನ್ನೀರಿನಲ್ಲಿ ದೋಣಿ ಬಿಡುವವನು ಈ ಬಣ್ಣಕ್ಕೆ ದುಡ್ಡು ಹಾಕಿದರೆ ದಂಡ.

ತಾಮ್ರವನ್ನು ಹಿಡಿದಿಡುವ ಅಂಟಿನಲ್ಲಿ ಬಗೆಗಳಿವೆ. ಹಳೆಯದು ಪೈನ್ ಮರದ ರಾಳ ಬೆರೆಸಿದ್ದು, ಅದು ನೀರಿನಲ್ಲಿ ತಾನೂ ಕರಗುತ್ತಾ ಹೊಸ ತಾಮ್ರವನ್ನು ಹೊರಗೆ ಬಿಡುತ್ತದೆ. ಇನ್ನೊಂದು ಗಟ್ಟಿ ಬಣ್ಣ. ಇದರಲ್ಲಿ ತಾಮ್ರ ಸೋರಿಹೋದ ಮೇಲೂ ಪೊಳ್ಳು ಪದರ ಹಾಗೇ ಉಳಿದು, ವರ್ಷವರ್ಷವೂ ಮೇಲೆ ಮೇಲೆ ಹಚ್ಚಿ ದಪ್ಪವಾಗುತ್ತಾ ಹೋಗಿ ಕೊನೆಗೊಂದು ದಿನ ಚಕ್ಕೆಚಕ್ಕೆಯಾಗಿ ಏಳುತ್ತದೆ. ದೊಡ್ಡ ಹಡಗುಗಳಿಗೆ ಹಚ್ಚುವುದು ತಾನೇ ನುಣುಪಾಗುವ ಬಗೆ. ತುಸು ಕ್ಷಾರವಾದ ಕಡಲ ನೀರು ಅದರ ಮೇಲ್ಪದರವನ್ನು ಕತ್ತರಿಸುತ್ತದೆ, ಹಡಗಿನ ಓಟ ಅದನ್ನು ತೊಳೆದೊಯ್ಯುತ್ತದೆ, ಒಳಗಿನ ಹೊಸ ಪದರ ಮೇಲೆ ಬರುತ್ತದೆ. ಸಾಬೂನು ಸವೆದ ಹಾಗೆ. ಸಿಲಿಕೋನಿನ ಜಾರುಬಣ್ಣವೂ ಬಂದಿದೆ. ಅದು ಯಾರನ್ನೂ ಕೊಲ್ಲುವುದಿಲ್ಲ, ಅಂಟಿದ್ದು ಓಟದಲ್ಲಿ ಜಾರಿ ಬೀಳುತ್ತದೆ. ಓಡದ ದೋಣಿಗೆ ಅದರಿಂದ ಪ್ರಯೋಜನ ಕಡಿಮೆ, ಬೆಲೆ ಮಾತ್ರ ಓಡುತ್ತದೆ.

ಹಚ್ಚುವ ಕೆಲಸದ ವಿವರ ನಾನು ಅವನ ಊಟದ ಬಿಡುವಿನಲ್ಲಿ ಕೇಳಿಕೊಂಡದ್ದು. ಮನೆಗೋಡೆಯ ಪಾಠ ಅಲ್ಲಿ ಹೇಗೆ ಉಲ್ಟಾ ಆಗುತ್ತದೆ ಎಂಬುದರಲ್ಲೇ ಅವನಿಗೆ ಸ್ವಾರಸ್ಯ. ಗೋಡೆ ಒಣಗಿದಷ್ಟೂ ಕೆರೆಯುವುದು ಸುಲಭ. ದೋಣಿಯನ್ನು ಮೇಲೆಳೆದ ತಕ್ಷಣ, ಬುಡ ಹಸಿ ಇರುವಾಗಲೇ, ಸಿಹಿನೀರಿನ ಜೋರು ಪೈಪು ಹಿಡಿಯಬೇಕು. ಒಂದು ರಾತ್ರಿ ಒಣಗಲು ಬಿಟ್ಟರೆ ಲೋಳೆ ಸಿಮೆಂಟಾಗುತ್ತದೆ. ಚಿಪ್ಪು ಕಿತ್ತರೂ ಅದರ ತಳದ ಬಿಳಿ ಬಿಲ್ಲೆ ಉಳಿಯುತ್ತದೆ, ಅದನ್ನೂ ತೆಗೆಯಬೇಕು. ಪಾಲಿಶ್ ಪೇಪರನ್ನು ನೀರು ಹಾಕಿಕೊಂಡೇ ಉಜ್ಜಬೇಕು. ಒಣಗಿದ್ದನ್ನು ಉಜ್ಜಿದರೆ ಏಳುವ ಧೂಳು ತಾಮ್ರದ ವಿಷ, ಮೂಗಿನಲ್ಲಿ ಒಳಗೆ ಹೋಗುತ್ತದೆ. "ಮಾಸ್ಕ್ ಹಾಕ್ತೀಯೇನೋ?" ಎಂದೆ. ಅವನು ರೊಟ್ಟಿ ಮುರಿದ.

ಡಬ್ಬಿ ಮೊದಲ ಸಲ ಎತ್ತಿದಾಗ ಅವನಿಗೆ ಅನುಮಾನ ಬಂತಂತೆ, ಒಳಗೆ ಮಳಲು ತುಂಬಿದ್ದಾರೋ ಏನೋ ಎಂದು. ನಾಲ್ಕು ಲೀಟರಿನ ಡಬ್ಬಿ ಏಳು ಕೆ.ಜಿ. ತೂಗಿದರೆ ಯಾರಿಗಾದರೂ ಹಾಗೆ ಅನಿಸೀತು. ತಾಮ್ರ ಭಾರ, ಅಡಿಗೆ ಕೂತಿರುತ್ತದೆ. ಕಟ್ಟಿಗೆಯ ಕೋಲಿನಿಂದ ತಳ ಕೆದಕಿ ಕೆದಕಿ ಕಲಸದಿದ್ದರೆ ಮೊದಲರ್ಧ ದೋಣಿಗೆ ಬರೀ ಅಂಟು, ಕೊನೆಯರ್ಧಕ್ಕೆ ಬರೀ ತಾಮ್ರ. ಥಿನ್ನರ್ ಸುರಿದು ತೆಳು ಮಾಡುವ ಮನೆಪೇಂಟರನ ಚಾಳಿ ಇಲ್ಲಿ ನಡೆಯದು, ಎಷ್ಟು ದಪ್ಪ ಹಚ್ಚಿದೆ ಎಂಬುದರ ಮೇಲೆಯೇ ಅದರ ಆಯುಷ್ಯ. ಬೆತ್ತಲೆ ಬುಡಕ್ಕೆ ಮೊದಲು ಎಪಾಕ್ಸಿ ಪ್ರೈಮರ್, ಮೇಲೆ ಈ ಬಣ್ಣ ಎರಡು ಕೋಟ್. ನೀರಗೆರೆ, ಮುಂದಿನ ಮೂತಿ, ಚುಕ್ಕಾಣಿ ಇವುಗಳಿಗೆ ನೀರಿನ ಹೊಡೆತ ಹೆಚ್ಚು, ಅಲ್ಲಿ ಮೂರನೆಯದು. ದೋಣಿ ಕೂತಿರುವ ದಿಮ್ಮಿಗಳ ಅಡಿಯ ಜಾಗ ಉಳಿದೇ ಹೋಗುತ್ತದೆ. ದಿಮ್ಮಿ ಸರಿಸಿ ಹಚ್ಚದಿದ್ದರೆ ಮುಂದಿನ ವರ್ಷ ಅಲ್ಲಿ ಮಾತ್ರ ಚೌಕಾಕಾರದಲ್ಲಿ ಚಿಪ್ಪಿನ ತೋಟ. ಅಲ್ಯೂಮಿನಿಯಂ ದೋಣಿಗೆ ತಾಮ್ರದ ಬಣ್ಣ ತಾಗಿಸಲೇಬಾರದು, 'ಅಲಾರ್ಮ್' ಹಡಗಿನ ಮೊಳೆಗಳ ಗತಿ ಇಡೀ ದೋಣಿಗೆ ಬಂದೀತು.

ಮೊದಲ ವರ್ಷ ಅವನೊಂದು ಎಡವಟ್ಟು ಮಾಡಿದ್ದ. ಬುಡದಲ್ಲಿ ಚುಕ್ಕಾಣಿಯ ಹತ್ತಿರ ಬೂದು ಬಣ್ಣದ ಲೋಹದ ಗಟ್ಟಿಯೊಂದು ಬೋಳಾಗಿ ಕಂಡಿತು. ಹಿಂದಿನವರು ಮರೆತಿರಬೇಕು ಎಂದು ಅದಕ್ಕೂ ಎರಡು ಕೋಟ್ ನೀಟಾಗಿ ಹಚ್ಚಿ, ಶಹಬಾಸ್ ಎನ್ನಿಸಿಕೊಳ್ಳಲು ಮಾಲಕನನ್ನು ಕರೆದು ತೋರಿಸಿದ. ಅದು ಸತುವಿನ ಗಟ್ಟಿ. ತಾನು ಕರಗಿ ಪ್ರೊಪೆಲರನ್ನೂ ಅದರ ದಂಡವನ್ನೂ ಕಾಯುವುದು ಅದರ ಕೆಲಸ. ಡೇವಿಯ ಸೋತ ಉಪಾಯ ಅಲ್ಲಿ ಇವತ್ತಿಗೂ ನೌಕರಿಯಲ್ಲಿದೆ, ಆದರೆ ಸರಿಯಾದ ಜಾಗದಲ್ಲಿ. ಬಣ್ಣ ಮುಚ್ಚಿದರೆ ಅದು ಸತ್ತ ಹಾಗೆ. ಮಾಲಕ ಕೊಂಕಣಿಯಲ್ಲಿ ಬೈದದ್ದು ಪೂರ್ತಿ ಅರ್ಥವಾಗಲಿಲ್ಲವಂತೆ. "ಅರ್ಥ ಆಗಲಾರದ್ದ ಚೊಲೋ ಆತ್ರಿ."

ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ. ದೋಣಿ ದಡ ಹತ್ತುವುದೂ ರಿಪೇರಿಯಾಗುವುದೂ ಬಣ್ಣ ಕಾಣುವುದೂ ಹೆಚ್ಚಾಗಿ ಆಗಲೇ. ಆದರೆ ಬಣ್ಣಕ್ಕೆ ಅದಕ್ಕಿಂತ ಕೆಟ್ಟ ಹವೆ ಇಲ್ಲ. ಗಾಳಿಯ ತೇವ ಶೇ 85 ದಾಟಿದರೆ ಹಚ್ಚಬಾರದು ಎನ್ನುತ್ತದೆ ಪುಸ್ತಕ. ಜುಲೈನ ಗೋವೆಯಲ್ಲಿ ಆ ಪುಸ್ತಕವೇ ತೊಯ್ದು ತೊಪ್ಪೆಯಾಗಿರುತ್ತದೆ. ತಾಡಪಾಲು ಕಟ್ಟಿ, ಮೋಡ ಹರಿದ ನಾಲ್ಕು ತಾಸು ಹಿಡಿದು ಹಚ್ಚುತ್ತಾರೆ. ಇಂಥ ತೇವದಲ್ಲೂ ಗಟ್ಟಿಯಾಗುವ ಎಪಾಕ್ಸಿ ಪ್ರೈಮರುಗಳಿವೆ. ಅವುಗಳ ಹಾರ್ಡನರ್ ತಯಾರಾಗುವುದು ಏತರಿಂದ ಗೊತ್ತೇ? ಗೇರುಸಿಪ್ಪೆಯ ಎಣ್ಣೆಯಿಂದ. ಅದರಿಂದ ಕಾರ್ಡನಾಲ್ ಎಂಬ ವಸ್ತು ತೆಗೆದು, ಅದರಿಂದ ಫೀನಾಲ್ಕಮೈನ್ ಎಂಬ ಹಾರ್ಡನರ್ ಮಾಡುತ್ತಾರೆ. ಅಜ್ಜನ ಕಾಲದಲ್ಲಿ ಮಡಕೆಯಿಂದ ನೇರವಾಗಿ ದೋಣಿಗೆ ಹೋಗುತ್ತಿದ್ದ ಎಣ್ಣೆ ಈಗ ಕಾರ್ಖಾನೆ ಸುತ್ತಿ ಡಬ್ಬಿಯಲ್ಲಿ ಅದೇ ದೋಣಿಗೆ ಬರುತ್ತದೆ. ಖಾನಾಪುರದ ಕಾಡಂಚಿನಲ್ಲೂ ಪಕ್ಕದ ಚಂದಗಡದಲ್ಲೂ ಗೇರುತೋಟ ಇಟ್ಟುಕೊಂಡವರು ಬೀಜದ ದರ ಮಾತ್ರ ವಿಚಾರಿಸುತ್ತಾರೆ. ಸಿಪ್ಪೆಯ ಯೋಗ್ಯತೆ ಬೇರೆ ಯಾರಿಗೋ ಗೊತ್ತು.

ವಿಷ ಕರಗಿಸುವ ಬಣ್ಣ ಎಂದ ಮೇಲೆ ಕರಗಿದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳಲೇಬೇಕು. ಜಗತ್ತು ಅದನ್ನು ತಡವಾಗಿ ಕೇಳಿತು. 1960ರ ದಶಕದಿಂದ ಟ್ರೈಬ್ಯುಟೈಲ್ ಟಿನ್, ಟಿಬಿಟಿ, ಎಂಬ ತವರದ ಸಂಯುಕ್ತ ಈ ಬಣ್ಣಗಳಿಗೆ ಸೇರಿತು. ಅದರಷ್ಟು ಒಳ್ಳೆಯ ಆಂಟಿಫೌಲಿಂಗ್ ಮತ್ತೆ ಬಂದಿಲ್ಲ ಎಂದು ಈಗಲೂ ಹಡಗಿನವರು ನಿಟ್ಟುಸಿರು ಬಿಡುತ್ತಾರೆ. ಆದರೆ 1970ರ ದಶಕದ ಕೊನೆಗೆ ಫ್ರಾನ್ಸಿನ ಆರ್ಕಶೋಂ ಕೊಲ್ಲಿಯಲ್ಲಿ ಸಿಂಪಿ ಸಾಕುವವರ ಮನೆ ಹಾಳಾಯಿತು. ಸಿಂಪಿಗಳ ಚಿಪ್ಪುಗಳು ವಿಕಾರವಾಗಿ ದಪ್ಪವಾದವು, ಮರಿಗಳು ನಿಲ್ಲಲಿಲ್ಲ. ಇತರ ಕಡೆ ಹೆಣ್ಣು ಶಂಖಹುಳುಗಳಿಗೆ ಗಂಡಿನ ಅಂಗ ಮೂಡತೊಡಗಿತು. ಒಂದು ಲೀಟರ್ ನೀರಿನಲ್ಲಿ ಗ್ರಾಮಿನ ನೂರು ಕೋಟಿಯಲ್ಲಿ ಒಂದೆರಡು ಪಾಲು ಟಿಬಿಟಿ ಇದ್ದರೂ ಸಾಕಿತ್ತು ಅದಕ್ಕೆ. ಫ್ರಾನ್ಸ್ 1982ರಲ್ಲಿ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. ಎಲ್ಲ ಹಡಗುಗಳಿಗೂ ಅನ್ವಯಿಸುವ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ಆಗಿ, ಜಾರಿಗೆ ಬಂದದ್ದು 2008ರ ಸೆಪ್ಟೆಂಬರಿನಲ್ಲಿ. ಪಾಚಿ ತಡೆಯಲು ತಾಮ್ರದ ಜೊತೆ ಬೆರೆಸುತ್ತಿದ್ದ ಸೈಬ್ಯುಟ್ರಿನ್ ಎಂಬುದನ್ನೂ 2023ರ ಜನವರಿಯಿಂದ ಅದೇ ಒಪ್ಪಂದದಡಿ ನಿಷೇಧಿಸಲಾಗಿದೆ. ತಾಮ್ರ ಇನ್ನೂ ಉಳಿದಿದೆ. ಅದರ ಮೇಲೂ ಕೆಲವು ದೇಶಗಳ ಬಂದರುಗಳಲ್ಲಿ ಕಣ್ಣಿದೆ.

ನನ್ನ ಮಟ್ಟಿಗೆ ಹೇಳುವುದಾದರೆ, ಓಡುವ ದೋಣಿಯಿಂದ ಕಡಲಿಗೆ ನಿಧಾನವಾಗಿ ಸೇರುವ ತಾಮ್ರಕ್ಕಿಂತ, ದಡದಲ್ಲಿ ಕೆರೆದು ಒಮ್ಮೆಗೇ ನದಿಗೆ ಗುಡಿಸುವ ಚಕ್ಕೆಗಳು ಹೆಚ್ಚು ಹೆದರಿಸುತ್ತವೆ. ಕೆಳಗೊಂದು ತಾಡಪಾಲು ಹಾಸಿ ಬಳಿದು ಚೀಲಕ್ಕೆ ತುಂಬುವುದು ದೊಡ್ಡ ಕೆಲಸವೇನಲ್ಲ. ಅದೇ ನದಿಮುಖದ ಚಿಪ್ಪುಗಳ ತಿಸ್ರ್ಯಾ ಸುಕ್ಕ ಉಣ್ಣಲೆಂದೇ ನಾವು ಬೆಳಗಾವಿಯಿಂದ ಘಟ್ಟ ಇಳಿಯುತ್ತೇವೆ.

ಮಳೆಗಾಲದಲ್ಲಿ ನದಿಯೇ ಒಂದಿಷ್ಟು ಕೆಲಸ ಮಾಡಿಕೊಡುತ್ತದೆ. ಮಾಂಡವಿಯಲ್ಲಿ ಭರತದ ನೀರು ಗಾಂಜೆ ಎಂಬ ಊರಿನವರೆಗೆ, ಸುಮಾರು 50 ಕಿ.ಮೀ. ಒಳಕ್ಕೆ ಏರುತ್ತದೆ. ಬೇಸಿಗೆಯಲ್ಲಿ ಉಪ್ಪು ಒಳನಾಡಿಗೆ ಬಹುದೂರ ನುಗ್ಗುತ್ತದೆ. ಜೂನಿನಲ್ಲಿ ಘಟ್ಟದ ಮೇಲೆ ಮಳೆ ಹಿಡಿದರೆ ಸಿಹಿನೀರು ಧುಮ್ಮಿಕ್ಕಿ ಉಪ್ಪನ್ನು ಕಡಲ ಬಾಯಿಗೆ ತಳ್ಳುತ್ತದೆ. ಉಪ್ಪಿಗೆ ಹೊಂದಿಕೊಂಡ ಜೀವಗಳಲ್ಲಿ ಹಲವು ವಾರಗಟ್ಟಲೆ ಸಿಹಿನೀರು ತಾಳಲಾರದೆ ಸಾಯುತ್ತವೆ. ಬುಡದ ಕಾಟ ತಪ್ಪಿಸಿಕೊಳ್ಳಲು ಹಡಗನ್ನು ನದಿಯೊಳಗೆ ತಂದು ನಿಲ್ಲಿಸುವುದು ನಾವಿಕರ ಹಳೆಯ ಉಪಾಯ. ದೇಗಾಂವಿನ ಕಾಡಿನಲ್ಲಿ ಸುರಿದ ಮಳೆ ಪಣಜಿಯ ದೋಣಿಯ ಬುಡ ತೊಳೆಯುತ್ತದೆ. ಆ ಲೆಕ್ಕ ಯಾವ ನ್ಯಾಯಮಂಡಳಿಯ ಟಿಎಂಸಿಯಲ್ಲೂ ಇಲ್ಲ.

ನಮ್ಮ ಮನೆಯ ಕೆಲಸ ನಾಲ್ಕು ದಿನದಲ್ಲಿ ಮುಗಿಯಿತು. ಹಿಂಗೋಡೆಯ ಮೊದಲ ಕೋಟಿಗೆ ಅವನು ಎಲ್ಲಿಯದೋ ಉಳಿಕೆ ಗುಲಾಬಿ ಬಣ್ಣ ಹೊಡೆದದ್ದನ್ನು ನೋಡಿ ಮನೆಯವಳು ರೇಗಿದಳು. "ಬಾಯಾರ, ಮ್ಯಾಲ ಬಿಳೀದ ಬರ್ತೈತ್ರಿ, ಚಿಂತಿ ಮಾಡಬ್ಯಾಡ್ರಿ" ಎಂದು ಸಮಾಧಾನ ಮಾಡಿ ನನ್ನ ಕಡೆ ತಿರುಗಿದ. ದೋಣಿಗೂ ಹೀಗೇ ಮಾಡುತ್ತಾರಂತೆ, ಕೆಳಗಿನ ಕೋಟ್ ಒಂದು ಬಣ್ಣ, ಮೇಲಿನದು ಇನ್ನೊಂದು. ಕೆಳಗಿನದು ಇಣುಕಿದರೆ ಎಲ್ಲಿ ಎಷ್ಟು ಸವೆದಿದೆ ಎಂದು ನೋಡಿದ ಕೂಡಲೇ ತಿಳಿಯುತ್ತದೆ.

ಮೊನ್ನೆ ಜುಲೈ ಮೂರನೆಯ ವಾರ, ಎಡೆಬಿಡದ ಮಳೆ ಒಂದು ತಾಸು ಹೊಳವಾದಾಗ ಹಿತ್ತಿಲಿಗೆ ಹೋದೆ. ಪೈಪು ಸೋರುವ ಕಡೆ ಬಿಳಿಯ ನಡುವೆ ಅಂಗೈಯಗಲ ಗುಲಾಬಿ ಕಾಣುತ್ತಿತ್ತು. ಫೋನ್ ಮಾಡಿದೆ. ಆ ಕಡೆ ನೀರಿನ ಪೈಪಿನ ಮೊರೆತ, ಯಾರೋ ಕೊಂಕಣಿಯಲ್ಲಿ ಕೂಗುತ್ತಿದ್ದರು.

"ಆಗಸ್ಟ್ ಒಂದನೇ ತಾರೀಖಿಗೆ ದೋಣಿ ನೀರಿಗಿಳೀಬೇಕ್ರಿ ಸರ, ಆಮ್ಯಾಲ ಬರ್ತೀನಿ. ಅಲ್ಲೀತನಾ ಪೈಪ್ ರಿಪೇರಿ ಮಾಡಿಸಿ ಇಡ್ರಿ."